ಅಡ್ಡಹೆಸರು ಯಾರಿಗೂ ಬೇಡ

ನಮ್ಮ ಕಂಪನಿಯ ವಿಶಾಖಪಟ್ಟಣದ ಲಾಗುಗಳಲ್ಲಿ, ಅಂದರೆ ಕಂಪ್ಯೂಟರ್ ದಾಖಲೆಗಳಲ್ಲಿ, ಗ್ರಾಹಕನ ಕಾಲಮ್ಮಿಗೆ ಇಟ್ಟ ಹೆಸರು ‘ಯೂಸರ್’, ವಿಜಯವಾಡದ ಲಾಗುಗಳಲ್ಲಿ ‘ಕಸ್ಟಮರ್’. ದೂರು ಬಂದಾಗಲೆಲ್ಲ ಎರಡೆರಡು ಸಲ ಹುಡುಕಬೇಕು. ಇದನ್ನು ಸರಿಪಡಿಸಿದರೆ ನನ್ನ ಕೆಲಸ ಖಾಯಂ ಎಂದು ಮೇಲಿನವರು ಹೇಳಿದ್ದರು. ಯಾರೂ ಹೇಳಿಕೊಡದೆ ಓದಿ ಕಲಿತವಳು ನಾನು. ಲಾಗು ಹುಡುಕುವ ಯಂತ್ರಕ್ಕೆ ಅದರ ಎಪಿಐ ಮೂಲಕ ಆದೇಶ ಕಳಿಸಿ ‘ಕಸ್ಟಮರ್’ ಅನ್ನು ‘ಯೂಸರ್’ಗೆ ಅಡ್ಡಹೆಸರು ಮಾಡಿದೆ. ಯಂತ್ರ ಮರುಮಾತಿಲ್ಲದೆ ಒಪ್ಪಿತು.

ವಿಜಯವಾಡದ ಮ್ಯಾನೇಜರ್ ಗಾರು ಫೋನ್ ಮಾಡಿದರು. “ಏನಮ್ಮಾ, ವೈಜಾಗಿನದು ಅಸಲು, ನಮ್ಮದು ಅಡ್ಡಹೆಸರಾ?”

“ಹುಡುಕಿದರೆ ಎರಡೂ ಒಟ್ಟಿಗೇ ಸಿಗುತ್ತವೆ ಸರ್.”

“ಸಿಗಲಿ. ಮೊದಲು ಅದನ್ನ ತೆಗೀರಿ.”

ತಿರುಗಿಸಿ, ‘ಯೂಸರ್’ ಅನ್ನು ‘ಕಸ್ಟಮರ್’ಗೆ ಅಡ್ಡಹೆಸರು ಮಾಡಿದೆ. ಈಗ ನಮ್ಮ ವೈಜಾಗ್ ಮ್ಯಾನೇಜರ್ ಎದ್ದು ಬಂದರು. “ಹಾಗಾದರೆ ನಾವು ಅಡ್ಡಹೆಸರಾ ಮೇಡಂ?”

ಸಂಜೆ ಎಲ್ಲವನ್ನೂ ಅಳಿಸಿದೆ. ಅದಕ್ಕೂ ಯಂತ್ರ ಸರಿ ಎಂದಿತು. ಇಡೀ ಕಂಪನಿಯಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ. ಖಾಯಂ ಮಾಡುವ ಅಧಿಕಾರ ಮಾತ್ರ ಅದಕ್ಕಿರಲಿಲ್ಲ.