ಹತ್ತರ ಮೇಲೊಂದು ಕೆಂಪು ಚುಕ್ಕೆ

ಏರ್‌ಗನ್ನಿಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೊಳ್ಳಲು ಬಂದ ಟೈಲರ್ ಅತ್ತಿಗೆಯ ಮುಂದೆ, ಅಂಗಡಿ ಇಟ್ಟಿದ್ದ ಮೈದುನ ದುಬಾರಿಯದನ್ನೇ ಇಟ್ಟ.

"ಇದು ಫಸ್ಟ್ ಫೋಕಲ್ ಪ್ಲೇನ್ ಅತ್ತಿಗೆ. ಜೂಮ್ ಜೊತೆ ಒಳಗಿನ ಗೆರೆಗಳೂ ದೊಡ್ಡದಾಗ್ತವೆ, ದೂರದ ಗುರಿಗೆ ಎಷ್ಟು ಮೇಲೆ ಹಿಡೀಬೇಕು ಅನ್ನೋ ಲೆಕ್ಕ ಯಾವತ್ತೂ ತಪ್ಪಲ್ಲ. ಸೆಕೆಂಡ್ ಪ್ಲೇನಲ್ಲಿ ಗೆರೆ ಇದ್ದಷ್ಟೇ ಇರುತ್ತೆ. ಲೆಕ್ಕ ಹತ್ತರ ಜೂಮಿಗೆ ಮಾತ್ರ ಸರಿ."

ಅವಳು ಅದರಲ್ಲೂ ಪಕ್ಕದ ಅಗ್ಗದ ಸೆಕೆಂಡ್ ಪ್ಲೇನಿನದರಲ್ಲೂ ಕಣ್ಣಿಟ್ಟು ನೋಡಿದಳು. ಜೂಮ್ ಇಳಿಸಿದ್ದೇ ತಡ, ದುಬಾರಿಯದರ ಗೆರೆ ಕೂದಲೆಳೆಯಷ್ಟಾಗಿ, ಸೂಜಿಗೆ ದಾರ ಪೋಣಿಸಿ ಸೋತ ಅವಳ ಕಣ್ಣಿಗೆ ಕಾಣದೇ ಹೋಯಿತು.

"ನಾನು ಜೂಮ್ ತಿರುಗಿಸಿದ್ರೆ ತಾನೇ ಲೆಕ್ಕ ತಪ್ಪೋದು? ಮೂವತ್ತು ವರ್ಷ ಒಂದೇ ಟೇಪು ಹಿಡಿದೋಳಪ್ಪ ನಾನು. ಸೆಕೆಂಡೇ ಕೊಡು!"

ಮನೆಗೆ ಬಂದವಳೇ ಜೂಮ್ ತಿರುಗಿಸುವ ಬಳೆಯ ಹತ್ತರ ಅಂಕಿಯ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಳು. ಅವಳು ಗುರಿ ಹೊಡೆಯಲು ಹೋಗುತ್ತಿದ್ದ ಕ್ಲಬ್ಬಿನ ಗಂಡಸರು ಅದನ್ನು ಕಂಡು ಮುಸಿಮುಸಿ ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ.

ಸ್ಪರ್ಧೆಯ ದಿನ, ಸೆಕೆಂಡ್ ಪ್ಲೇನೇ ಇಟ್ಟುಕೊಂಡಿದ್ದ ಆ ಗಂಡಸರು ಗುರಿಗೊಂದು ಸಲ ಜೂಮ್ ತಿರುಗಿಸಿ ಲೆಕ್ಕ ತಪ್ಪಿದರು. ಅವಳು ಚುಕ್ಕೆ ಬಿಟ್ಟು ಕದಲಲಿಲ್ಲ. ಇಪ್ಪತ್ತರಲ್ಲಿ ಹತ್ತೊಂಬತ್ತು ಗುರಿ ಉರುಳಿಸಿ, ತಲೆಯೆತ್ತಿಕೊಂಡು ಕಪ್ ಹಿಡಿದು ಮನೆಗೆ ನಡೆದಳು.

ಮುಂದಿನ ಭಾನುವಾರ, ನಕ್ಕವರಲ್ಲಿ ನಾಲ್ವರ ಸ್ಕೋಪಿನ ಮೇಲೆ ಅವರವರ ಹೆಂಡತಿಯರ ಉಗುರುಬಣ್ಣ ಮಿನುಗುತ್ತಿತ್ತು.