ಮೂರನೇ ಮಹಡಿಯ ಶಿವಗಾಮಿ

೧೯೮೪ರಲ್ಲಿ ಕೊಯಮತ್ತೂರಿನ ಅಂಚಿನಲ್ಲಿ, ನೇಕಾರರ ಗುಡಿಸಲುಗಳಿದ್ದ ಜಾಗದಲ್ಲಿ ಸರ್ಕಾರದ ಮಹಡಿ ಮನೆಗಳೆದ್ದವು. ಚೀಟಿ ಎತ್ತಿ ಹಂಚಿದಾಗ ಶಿವಗಾಮಿಗೆ ಮೂರನೇ ಮಹಡಿ ಬಂತು, ಅವಳ ಓರಗಿತ್ತಿ ವಳ್ಳಿಯಮ್ಮನಿಗೆ ಕೆಳಗಿನ ಮನೆ. ಅವರ ಮಗ್ಗಕ್ಕೆ ಕಾಲಿಳಿಸಿ ಕೂರುವ ಗುಂಡಿ ಬೇಕು. ಮೇಲಿನ ಮನೆಯಲ್ಲಿ ಗುಂಡಿ ತೋಡುವಂತಿರಲಿಲ್ಲ. ಶಿವಗಾಮಿಯ ಮಗ್ಗ ಮೂಲೆ ಸೇರಿತು.

ಕೆಳಗಿನಿಂದ ಲಾಳಿಯ ಸದ್ದು ಕೇಳಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

“ಅಕ್ಕಾ, ಮಧ್ಯಾಹ್ನ ನನ್ನ ಮಗ್ಗದಲ್ಲೇ ನೇಯಿ, ಬಾ,” ಎಂದು ವಳ್ಳಿಯಮ್ಮ ಕರೆದಳು. ಆ ಕರುಣೆ ಇನ್ನಷ್ಟು ಉರಿಸಿತು.

“ಅವಳಿಗೆ ನೆಲ, ನನಗೆ ಆಕಾಶವಾ?” ಎಂದು ಶಿವಗಾಮಿ ಗಂಡನ ಮೇಲೆ ಹರಿಹಾಯ್ದಳು.

ಮುಂದಿನ ಕಟ್ಟಡದ ನಕ್ಷೆ ಹಿಡಿದು ಇಂಜಿನಿಯರ್ ಬಂದಾಗ ಅವಳು ಜಗಳಕ್ಕೇ ನಿಂತಳು: “ಸಾರ್, ಕೆಳಗೆ ಯಾರಿಗೂ ಮನೆ ಕೊಡಬೇಡಿ. ಅಲ್ಲಿ ಎಲ್ಲರ ಮಗ್ಗವೂ ಇರಲಿ, ಮೇಲೆ ಎಲ್ಲರೂ ಇರಲಿ!”

ಉಳಿದವರೂ ದನಿಗೂಡಿಸಿದರು. ಇಂಜಿನಿಯರ್ ಯೋಚಿಸಿ ನಕ್ಷೆ ತಿದ್ದಿಸಿದರು.

ಹೊಸ ಕಟ್ಟಡದ ಕೆಳಭಾಗವೆಲ್ಲ ಮಗ್ಗದ ಹಜಾರವಾಯಿತು. ಶಿವಗಾಮಿಗೂ ಅಲ್ಲಿ ಗುಂಡಿ ಸಿಕ್ಕಿತು, ಹೆಂಗಸರು ಅವಳನ್ನು ಕೊಂಡಾಡಿದರು. ಒಬ್ಬಳೇ ನೇಯಲು ಬೇಸರವೆಂದು ವಳ್ಳಿಯಮ್ಮನೂ ತನ್ನ ಮಗ್ಗವನ್ನು ಅಲ್ಲಿಗೇ ತಂದಳು. ಚೀಟಿ ಎತ್ತಿದಾಗ ಅವಳಿಗೆ ಒಳ್ಳೆಯ ಬೆಳಕಿರುವ, ಕಿಟಕಿಯ ಪಕ್ಕದ ಗುಂಡಿ ಬಂದಿತ್ತು. ಅದನ್ನು ಕಂಡ ಶಿವಗಾಮಿಗೆ ಆ ದಿನ ಒಂದು ಗೇಣೂ ನೇಯಲಾಗಲಿಲ್ಲ.