ಅಣ್ಣ ಕಂಡ ಮಾರ್ಸೇಲ್

ನನ್ನ ಅಣ್ಣ ಶೀನ ಸೂಜಿಯನ್ನು ಬೆರಳಿನಿಂದಲ್ಲ, ಅಂಗೈಯಿಂದ ನೂಕುತ್ತಿದ್ದ. ಬಲಗೈಗೆ ಒಂದು ಚರ್ಮದ ಪಟ್ಟಿ, ಅದರ ನಡುವೆ ಕಬ್ಬಿಣದ ಬಿಲ್ಲೆ. ಹಾಯಿಯ ಬಟ್ಟೆ ದಪ್ಪ, ಬೆರಳಿನ ಬಲ ಅದಕ್ಕೆ ಸಾಲುವುದಿಲ್ಲ. ಮೂವತ್ತು ವರ್ಷ ಹಾಗೆ ನೂಕಿ ನೂಕಿ ಅವನ ಅಂಗೈ ನಡುವೆ ಒಂದು ತಗ್ಗು ಬಿದ್ದಿತ್ತು. ನನ್ನ ಮಗಳು ಅನು ಚಿಕ್ಕವಳಿದ್ದಾಗ ಆ ತಗ್ಗಿನಲ್ಲಿ ಕಡಲೆಬೀಜ ಇಟ್ಟು ಆಡುತ್ತಿದ್ದಳು.

ಅಣ್ಣನ ಕೆಲಸ ಬಹರೈನಿನ ಟುಬ್ಲಿಯ ಒಂದು ವರ್ಕ್‌ಶಾಪಿನಲ್ಲಿ. ಬೋಟಿನ ಹಾಯಿ, ಸೀಟಿನ ಕವರು, ಬಿಸಿಲಿಗೆ ಕಟ್ಟುವ ಶೇಡು ಎಲ್ಲ ಹೊಲಿಯುತ್ತಿದ್ದ. ಮಲ್ಪೆಯಲ್ಲಿ ಅಪ್ಪ ತೀರಿಕೊಂಡ ಮೇಲೆ ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟೆ. ನನ್ನ ಕೈಗೆ ಸೂಜಿ ಕೊಟ್ಟು ಹೊಲಿಗೆ ಕಲಿಸಿದವನು ಅವನು. ಸಲ್ಮಾಬಾದಿನ ಗೋಡೌನಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಗಣೇಶರನ್ನು ನೋಡಿ, ಮದುವೆ ಮಾಡಿಸಿ, ನನ್ನನ್ನು ಬಹರೈನಿಗೆ ಕರೆಸಿಕೊಂಡವನೂ ಅವನೇ. ಸೆಗಯಾದ ನಮ್ಮ ಎರಡು ಕೋಣೆಯ ಮನೆಗೆ ಪ್ರತಿ ಶುಕ್ರವಾರ ಊಟಕ್ಕೆ ಬರುತ್ತಿದ್ದ. ಬಂದವನೇ ಕರ್ಟನಿನ ಅಂಚು ಮುಟ್ಟಿ ನೋಡುತ್ತಿದ್ದ.

"ಇದನ್ನು ಹೊಲಿದವರಿಗೆ ಬಸ್ಸು ಹಿಡಿಯುವ ಅವಸರ ಇತ್ತಾ ಎಂತ?"

ಹೊಲಿದವಳು ನಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅನು ಹುಟ್ಟುವ ಮೊದಲು ಅಣ್ಣ ಒಮ್ಮೆ ಮಾರ್ಸೇಲಿಗೆ ಹೋಗಿದ್ದ. ಅದು ಫ್ರಾನ್ಸಿನ ದೊಡ್ಡ ಬಂದರು. ಇಲ್ಲಿದ್ದ ಒಬ್ಬ ಬಿಳಿಯ ಇಂಜಿನಿಯರ್ ನೌಕರಿ ಮುಗಿಸಿ ತನ್ನ ಹಾಯಿದೋಣಿಯಲ್ಲೇ ಊರಿಗೆ ಹೊರಟಿದ್ದ. ದೋಣಿ ಎಂದರೆ ಒಳಗೆ ನಾಲ್ಕು ಜನ ಮಲಗುವಷ್ಟು ದೊಡ್ಡದು. ಹಾಯಿಗಳು ಹಳತಾಗಿದ್ದವು, ದಾರಿಯಲ್ಲಿ ಹರಿದರೆ ಹೊಲಿಯುವುದಕ್ಕೆಂದು ಅಣ್ಣನನ್ನು ಕರೆದುಕೊಂಡ. ಕೆಂಪು ಸಮುದ್ರ, ಸುಯೆಜ್ ಕಾಲುವೆ ದಾಟಿ ಎರಡು ತಿಂಗಳ ಮೇಲೆ ಅಲ್ಲಿಗೆ ಮುಟ್ಟಿದರು.

ಅನುವಿಗೆ ಬುದ್ಧಿ ಬಂದಾಗಿನಿಂದ ಪ್ರತಿ ಶುಕ್ರವಾರ ಊಟವಾದ ಮೇಲೆ ಆ ಊರಿನ ಕಥೆಯೇ.

"ಬಂದರು ಊರಿನ ಹೊಟ್ಟೆಯ ಒಳಗೆ ಉಂಟು ಪುಟ್ಟ. ಮೂರು ಕಡೆಯೂ ಮನೆ, ಹೋಟೆಲು, ಜನ. ಗುಡ್ಡದ ಮೇಲೆ ಇಗರ್ಜಿ, ತುದಿಯಲ್ಲಿ ಮೇರಿಯಮ್ಮ. ಬೆಳಿಗ್ಗೆ ದೋಣಿ ಕಟ್ಟುವ ದಕ್ಕೆಯ ಮೇಲೆಯೇ ಮೀನು ಮಾರುತ್ತಾರೆ. ಒಬ್ಬಳು ಅಜ್ಜಿ ಇದ್ದಳು, ಹಳದಿ ಏಪ್ರನ್. ಬೊಬ್ಬೆ ಹೊಡೆದರೆ ಮಲ್ಪೆಗೆ ಕೇಳಬೇಕು."

"ಫಿಶ್ ತಗೊಂಡ್ರಾ ಮಾಮ?"

"ತೆಗೊಳ್ಳದೆ? ಬೂತಾಯಿ. ನಾನು ಮುಖ ಚಿಕ್ಕದು ಮಾಡಿದೆ. ನಾಲ್ಕು ಮೀನು ಮೇಲೆ ಹಾಕಿ, ಹೋಗು ಮಾರಾಯ ಅಂತ ಬೆನ್ನಿಗೆ ಒಂದು ಕೊಟ್ಟಳು."

"ಕನ್ನಡದಲ್ಲಾ?"

"ಬೆನ್ನಿಗೆ ಕೊಡುದಕ್ಕೆ ಎಂತ ಭಾಷೆ?"

ಅನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪ್ರತಿ ವಾರ ಆ ಅಜ್ಜಿ ಮೇಲೆ ಹಾಕುವ ಮೀನು ಒಂದೊಂದು ಹೆಚ್ಚಾಗುತ್ತಿತ್ತು.

ನಡೆದದ್ದು ಏನೆಂದು ನನಗೊಬ್ಬಳಿಗೇ ಗೊತ್ತಿತ್ತು. ವಾಪಸು ಬಂದ ವಾರ ಅಣ್ಣ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ್ದ. ಊರೊಳಗೆ ಹೋಗಲು ಬೇಕಾದ ಕಾಗದ ಅವನಿಗೆ ಮಾಡಿಸಿರಲಿಲ್ಲ. ಉಳಿದವರು ದಿನಾ ಇಳಿದು ತಿರುಗಾಡಿ ಬರುತ್ತಿದ್ದರು, ಅವನನ್ನು ದೋಣಿ ಕಾಯಲು ಬಿಟ್ಟಿದ್ದರು. ಹೀಗೆ ಒಂಬತ್ತು ದಿನ.

"ಇಪ್ಪತ್ತು ಮಾರು ದೂರ ಮಾರಾಯ್ತಿ, ಆ ಹೆಂಗಸಿನ ಮೀನು. ತಾಜಾ ಹೌದೋ ಅಲ್ಲವೋ ಕೂತಲ್ಲಿಂದಲೇ ಹೇಳಬಹುದಿತ್ತು," ಎಂದು ನಗಲು ಹೋಗಿ ಅತ್ತ. ಅಪ್ಪ ಸತ್ತಾಗ ಬಿಟ್ಟರೆ ಅವನು ಅತ್ತದ್ದು ನಾನು ನೋಡಿದ್ದು ಆಗಲೇ. "ಯಾರಿಗೂ ಹೇಳಬೇಡ" ಎಂದ. ಹೇಳುವುದಿಲ್ಲ ಎಂದೆ.

ಅನುವಿಗೆ ಎಂಟು ವರ್ಷವಾದಾಗ ನಮ್ಮ ಇವರಿಗೆ ಗೋಡೌನಿನಲ್ಲೇ ಸೂಪರ್‌ವೈಸರ್ ಕೆಲಸ ಸಿಗುವ ಮಾತು ನಡೆದಿತ್ತು. ಬೆಂಗಳೂರಿನವರಾದ ಮ್ಯಾನೇಜರನ್ನೂ ಅವರ ಹೆಂಡತಿಯನ್ನೂ ಒಂದು ಶುಕ್ರವಾರ ಊಟಕ್ಕೆ ಕರೆದೆವು. ಅಣ್ಣನಿಗೆ ಬರಬೇಡ ಎನ್ನಲು ಬಾಯಿ ಬರಲಿಲ್ಲ, ಅವನಿಗೇ ಹೊಳೆದರೆ ಸಾಕು ಎಂದುಕೊಂಡೆ. ಹೊಳೆಯಲಿಲ್ಲ. ಉಗುರಲ್ಲಿ ಅಂಟು, ಕೈಯಲ್ಲಿ ಒಂದು ಚೀಲ ಮೀನು ಹಿಡಿದುಕೊಂಡು ಬಂದ. ಬಂದವನೇ ಮ್ಯಾನೇಜರ ಹೆಂಡತಿಯ ದುಪಟ್ಟದ ಅಂಚು ಮುಟ್ಟಿ ನೋಡಿ, "ಹೊಲಿಗೆ ಒಳ್ಳೇದುಂಟು" ಎಂದ. ಆಕೆ ದುಪಟ್ಟವನ್ನು ಮೆಲ್ಲನೆ ಆಚೆ ಎಳೆದುಕೊಂಡರು.

ಊಟದ ನಡುವೆ ಮ್ಯಾನೇಜರು ತಾವು ಯೂರೋಪ್ ಟೂರ್ ಹೋಗಿಬಂದದ್ದನ್ನು ಹೇಳಿದರು. ಅನು ಬಾಯಿ ಹಾಕಿದಳು. "ನಮ್ ಮಾಮಾನೂ ಹೋಗಿದ್ದಾರೆ. ಮಾರ್ಸೇಲ್. ಸೇಲಿಂಗ್ ಬೋಟಲ್ಲಿ."

ಅಣ್ಣ ಶುರುಮಾಡಿದ. ಅಂದು ಅವನಿಗೆ ಹುರುಪು ಹೆಚ್ಚು. ಕಥೆಯಲ್ಲಿ ಅಜ್ಜಿಯ ಮನೆಗೂ ಹೋದ, ಅವಳ ಮಗನೊಡನೆ ಕಾಫಿಯೂ ಕುಡಿದ. ಮ್ಯಾನೇಜರು ಹೆಂಡತಿಯ ಕಡೆ ನೋಡಿ ನಕ್ಕರು.

"ವೆರಿ ನೈಸ್. ಯಾವ ವೀಸಾ ಮೇಲೆ ಹೋಗಿದ್ರಿ? ಶೆಂಗೆನ್ನಾ?"

ಅಣ್ಣನಿಗೆ ಆ ಶಬ್ದ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ. ಮಾತು ಬದಲಿಸಲು ನನಗೆ ಎಷ್ಟೋ ದಾರಿ ಇತ್ತು. ಇನ್ನೂ ಸ್ವಲ್ಪ ಅನ್ನ ಹಾಕಲಾ ಎಂದರೂ ಸಾಕಿತ್ತು.

"ಅವನು ಆ ಊರಿಗೆ ಕಾಲೇ ಇಟ್ಟಿಲ್ಲ ಸಾರ್," ಎಂದೆ ನಾನು. "ಬೋಟು ಕಾಯಲು ಕೂರಿಸಿದ್ದರು. ಇದೆಲ್ಲ ಮಗುವಿಗೆ ಹೇಳುವ ಕಥೆ."

ಅಣ್ಣ ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದ. "ಕಾಲಿಟ್ಟಿದ್ದೇನೆ. ಕೊನೆಯ ದಿನ ಏರ್‌ಪೋರ್ಟಿಗೆ ಹೋಗಲು ಏಜೆಂಟನ ವ್ಯಾನು ಬಂದಿತ್ತು. ಬೋಟಿನಿಂದ ವ್ಯಾನಿನವರೆಗೆ ಹದಿನಾಲ್ಕು ಹೆಜ್ಜೆ."

ಮ್ಯಾನೇಜರು ಗಟ್ಟಿಯಾಗಿ ನಕ್ಕರು. ಇವರೂ ನಕ್ಕರು. ನಾನೂ ನಕ್ಕೆ.

ಅನು ನಗಲಿಲ್ಲ. "ಮಾಮ, ಯು ಲೈಡ್ ಟು ಮಿ?" ಎಂದಳು.

ಅಣ್ಣನಿಗೆ ಅಷ್ಟು ಇಂಗ್ಲಿಷ್ ಗೊತ್ತಿತ್ತು. "ಹೌದು ಪುಟ್ಟ," ಎಂದ.

ಅವನು ಇನ್ನೂ ನಗೆಪಾಟಲಾಗದಿರಲಿ ಎಂದು ಹೇಳಿದೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಲ್ಲ. ಅವನ ಉಗುರು, ಅವನ ಮೀನಿನ ಚೀಲ, ಅವನು ದುಪಟ್ಟ ಮುಟ್ಟಿದ್ದು, ಎಲ್ಲಕ್ಕೂ ನನಗೆ ನಾಚಿಕೆಯಾಗಿತ್ತು. ನಾನು ಅವನ ಕಡೆಯವಳಲ್ಲ ಎಂದು ಆ ಇಬ್ಬರಿಗೆ ತೋರಿಸಬೇಕಾಗಿತ್ತು. ಇವರಿಗೆ ಕೆಲಸವೇನೋ ಸಿಕ್ಕಿತು.

ಅಣ್ಣ ಬರುವುದನ್ನು ನಿಲ್ಲಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಮರುವಾರವೂ ಬಂದ. ಮೀನು ತಂದ, ಉಂಡ, ಕೈ ತೊಳೆದ. ಕಥೆ ಮಾತ್ರ ಹೇಳಲಿಲ್ಲ. ಅನುವೂ ಕೇಳಲಿಲ್ಲ, ಊಟ ಮುಗಿಸಿ ಟ್ಯಾಬ್ ಹಿಡಿದು ಒಳಗೆ ಹೋದಳು. ಅವಳು ಹೋದ ಬಾಗಿಲನ್ನು ಅಣ್ಣ ಸ್ವಲ್ಪ ಹೊತ್ತು ನೋಡಿದ. ಹೀಗೇ ಎರಡು ವರ್ಷ ಕಳೆಯಿತು.

ಆಮೇಲೆ ಅವನ ಕಿಡ್ನಿ ಕೆಟ್ಟಿತು. ಊರಿಗೆ ಹೊರಡುವ ಹಿಂದಿನ ದಿನ ನಾನು ಟುಬ್ಲಿಗೆ ಹೋದೆ, ಕ್ಷಮೆ ಕೇಳಬೇಕೆಂದೇ. ಅವನು ನೆಲದ ಮೇಲೆ ಹಾಯಿ ಹಾಸಿಕೊಂಡು ಕೂತಿದ್ದ. ಮುಖ ಊದಿತ್ತು.

"ಅಣ್ಣ, ಆವತ್ತು ನಾನು..." ಎಂದೆ.

"ಆ ತುದಿ ಹಿಡಿ," ಎಂದ. ಹಿಡಿದೆ. ಅವನು ಸೂಜಿ ನೂಕುತ್ತ ಬಂದ. ಅರ್ಧ ಗಂಟೆಯ ಮೇಲೆ ನನ್ನ ಹತ್ತಿರ ಮುಟ್ಟಿದಾಗ ದಾರ ಕಡಿದು ಹೇಳಿದ.

"ಅನುವಿಗೆ ಒಂದು ಮಾತು ಹೇಳ್ತಿಯಾ? ಆ ಅಜ್ಜಿ ಸುಳ್ಳಲ್ಲ. ಹಳದಿ ಏಪ್ರನ್, ಬೊಬ್ಬೆ, ಎಲ್ಲ ನಾನು ಕಣ್ಣಿಂದ ನೋಡಿದ್ದು. ನಾನು ಮೀನು ಕೊಂಡದ್ದು ಮಾತ್ರ ಸುಳ್ಳು. ಮಾಮ ಹೇಳಿದ್ದೆಲ್ಲ ಸುಳ್ಳು ಅಂತ ಅವಳ ಮನಸ್ಸಲ್ಲಿ ಉಳಿಯುದು ಬೇಡ."

"ನೀನೇ ಹೇಳು."

"ನಾನು ಹೇಳಿದರೆ ನಂಬುದಿಲ್ಲ. ನೀನು ಹೇಳಿದರೆ ನಂಬ್ತಾಳೆ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಹೊರಟರೆ, ಅಂದು ನೀನು ಯಾಕೆ ಹಾಗೆ ಮಾಡಿದೆ ಎಂದು ಅವಳು ಕೇಳುತ್ತಾಳೆ. ನಾಳೆ, ಪರೀಕ್ಷೆ ಮುಗಿಯಲಿ, ಎಂದು ತಳ್ಳಿದೆ.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಮಲ್ಪೆಯಿಂದ ಫೋನು ಬಂತು. ಅವನ ಸ್ವರ ಗುರುತು ಸಿಗುವಂತಿರಲಿಲ್ಲ.

"ಹೇಳಿದಿಯಾ ಅವಳಿಗೆ?"

"ಹೇಳಿದೆ."

"ಎಂತ ಹೇಳಿದಳು?"

"ನಕ್ಕಳು. ನಂಗೆ ಗೊತ್ತಿತ್ತು ಅಂದಳು."

"ಹೌದಾ," ಎಂದ. "ಒಂದು ಸಲ ಅವಳ ಕೈಗೆ ಕೊಡು ನೋಡುವ."

ಟ್ಯೂಷನ್‌ಗೆ ಹೋಗಿದ್ದಾಳೆ ಎಂದೆ. ಅನು ಪಕ್ಕದ ಕೋಣೆಯಲ್ಲಿ ಕೂತು ಓದುತ್ತಿದ್ದಳು.

ಮೂರನೆಯ ದಿನ ಅಣ್ಣ ಹೋದ.

ಈಗ ಅನುವಿಗೆ ಹದಿನಾರು. ಬಾಯಿಂದ ಹೇಳಲಾಗದ್ದನ್ನು ಬರೆದಾದರೂ ಕೊಡೋಣ ಎಂದು ಇಷ್ಟು ದಿನ ಕೂತು ಇದನ್ನು ಬರೆದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಾನೇ ಎದುರು ಕೂತು ಓದಿ ಹೇಳಬೇಕು.